ಒಂಬತ್ತು ತಿಂಗಳ ಕೂಸಿಗೆ ವಾಂತಿ-ಭೇದಿ: ಎದೆಹಾಲು ನಿಲ್ಲಿಸಬೇಕಾ?

ಪ್ರಶ್ನೆ: ನನ್ನ ಮಗನಿಗೆ 9 ತಿಂಗಳು. ಮೊನ್ನೆ ರಾತ್ರಿ ವಾಂತಿ ಶುರುವಾಯಿತು. ನಿನ್ನೆಯಿಂದ ನೀರಿನಂಥ ಭೇದಿ, ದಿನಕ್ಕೆ ಏಳೆಂಟು ಸಲ. ಹಲ್ಲು ಬರೋದಕ್ಕೇ ಹೀಗೆ ಅಂತಾರೆ ನಮ್ಮ ಅತ್ತೆ. ನೆತ್ತಿ ಬಿದ್ದಿದೆ ಅಂತ ಹರಳೆಣ್ಣೆ ಹಾಕಿದ್ದಾರೆ. ಎದೆಹಾಲು ನಿಲ್ಲಿಸಿ ಸಾಬುದಾಣಿ ಗಂಜಿ, ಕರಿ ಚಹಾ ಕೊಡು ಅಂತಿದ್ದಾರೆ. ಮೆಡಿಕಲ್ ಶಾಪಿನಿಂದ ಓಆರ್‌ಎಸ್ ತಂದೆವು, ಆದರೆ ಕುಡಿಸಿದ ಕೂಡಲೇ ಪೂರ್ತಿ ಕಕ್ಕುತ್ತಾನೆ. ಏನು ಮಾಡಲಿ ಡಾಕ್ಟ್ರೇ?
– ಒಬ್ಬ ತಾಯಿ, ಬೆಟಗೇರಿ

ಉತ್ತರ: ನಿಮ್ಮ ಅತ್ತೆಯವರ ಕಣ್ಣು ತಪ್ಪು ನೋಡಿಲ್ಲ ತಾಯಿ. ಭೇದಿಯಾದ ಕೂಸಿನ ನೆತ್ತಿ ಕುಳಿ ಬಿದ್ದರೆ ಮೈಯಲ್ಲಿ ನೀರು ಕಡಿಮೆಯಾಗಿದೆ ಅಂತಲೇ ಅರ್ಥ. ನಾವು ಡಾಕ್ಟರುಗಳು ಕೂಡ ಮೊದಲು ಅಲ್ಲೇ ಕೈ ಇಟ್ಟು ನೋಡುತ್ತೇವೆ. ಆದರೆ ಎಣ್ಣೆ ಹಾಕಿದರೆ ನೆತ್ತಿ ಏಳುವುದಿಲ್ಲ. ಹೋದ ನೀರು ಬಾಯಿಂದ ಒಳಗೆ ಹೋದರೆ ತಾನೇ ಏಳುತ್ತದೆ. ಕುಳಿ ಬಿದ್ದಿದೆ ಅಂತ ಬರೆದಿದ್ದೀರಿ, ಹಾಗಾಗಿ ಇವತ್ತೇ ಒಮ್ಮೆ ಮಕ್ಕಳ ಡಾಕ್ಟರಿಗೆ ತೋರಿಸಿ. ನಾಳೆಗೆ ಬಿಡಬೇಡಿ.

ಎದೆಹಾಲನ್ನು ಖಂಡಿತ ನಿಲ್ಲಿಸಬೇಡಿ. ಕೇಳಿದಾಗಲೆಲ್ಲ ಕೊಡಿ, ಇನ್ನೂ ಜಾಸ್ತಿ ಸಲ ಕೊಡಿ. ಸೋತ ಹೊಟ್ಟೆಗೂ ಒಗ್ಗುವುದು ಅದೇ. ಕರಿ ಚಹಾ ಬೇಡವೇ ಬೇಡ. ಸಾಬುದಾಣಿ ಗಂಜಿ ವಿಷವೇನಲ್ಲ, ಆದರೆ ಕಳೆದುಹೋದ ಉಪ್ಪಿನಂಶವನ್ನು ಅದು ತುಂಬುವುದಿಲ್ಲ. ಇನ್ನು ಹಲ್ಲಿನ ಮಾತು. ಹಲ್ಲು ಬರುವಾಗ ಜೊಲ್ಲು ಸುರಿಯುತ್ತದೆ, ಕೂಸು ಕಿರಿಕಿರಿ ಮಾಡುತ್ತದೆ. ದಿನಕ್ಕೆ ಎಂಟು ಸಲ ನೀರಿನಂಥ ಭೇದಿ ಹಲ್ಲಿನಿಂದ ಆಗುವುದಿಲ್ಲ. ಈ ವಯಸ್ಸಿನಲ್ಲಿ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದಲ್ವಾ, ಸೋಂಕು ಒಳಗೆ ಹೋಗುವ ದಾರಿ ಅದು. ಹೆಚ್ಚಾಗಿ ವೈರಸ್ಸೇ ಇರುತ್ತದೆ. ವಾಂತಿ ಒಂದೆರಡು ದಿನದಲ್ಲಿ ನಿಲ್ಲುತ್ತದೆ. ಭೇದಿ ನಿಲ್ಲಲು ಐದರಿಂದ ಏಳು ದಿನ ಹಿಡಿಯಬಹುದು. ಅದಕ್ಕೆ ಆ್ಯಂಟಿಬಯೋಟಿಕ್ ಕೆಲಸ ಮಾಡುವುದಿಲ್ಲ. ಭೇದಿ ಕಟ್ಟುವ ಔಷಧಿಯನ್ನಂತೂ ಕೂಸಿಗೆ ಹಾಕಲೇಬಾರದು.

ಈಗ ನಿಮ್ಮ ನಿಜವಾದ ಕಷ್ಟಕ್ಕೆ ಬರೋಣ: ಕುಡಿಸಿದ್ದೆಲ್ಲ ಹೊರಗೆ ಬರುತ್ತಿದೆ. ಬಾಯಾರಿದ ಕೂಸು ಲೋಟ ಕಂಡರೆ ಗಟಗಟ ಕುಡಿಯುತ್ತದೆ, ನಮಗೂ ಕುಡಿಯಲಿ ಬಿಡು ಅನಿಸುತ್ತದೆ. ಕೆರಳಿದ ಹೊಟ್ಟೆ ಅಷ್ಟನ್ನೂ ಎತ್ತಿ ಹಾಕುತ್ತದೆ. ವಾಂತಿಯಾದ ಮೇಲೆ 10 ನಿಮಿಷ ಸುಮ್ನೆ ಬಿಡಿ. ಆಮೇಲೆ ಗಡಿಯಾರ ಕಾಣುವ ಕಡೆ ಕೂತು, ಕೂಸನ್ನು ತೊಡೆಯ ಮೇಲೆ ನೆಟ್ಟಗೆ ಕೂರಿಸಿಕೊಳ್ಳಿ. ಟೀ ಚಮಚದಲ್ಲಿ ಎರಡು ನಿಮಿಷಕ್ಕೆ ಒಂದು ಚಮಚ ಓಆರ್‌ಎಸ್ ಕೊಡಿ. ಅಷ್ಟೇ. ಅದು ಅತ್ತರೂ ಎರಡನೆಯ ಚಮಚಕ್ಕೆ ಅವಸರ ಬೇಡ. ಒಂದು ಚಮಚ ಅಂದರೆ 5 ಎಂಎಲ್. ಗಂಟೆಗೆ 30 ಚಮಚ ಹಿಡಿದರೂ 150 ಎಂಎಲ್ ಒಳಗೆ ಹೋಯಿತು. ಹೊಟ್ಟೆಗೆ ಗೊತ್ತೇ ಆಗದ ಹಾಗೆ ಒಂದು ಲೋಟದಷ್ಟು! ವಾಂತಿ ನಿಂತ ಮೇಲೆ ಪ್ರತಿ ಭೇದಿಗೂ 50ರಿಂದ 100 ಎಂಎಲ್ ಲೆಕ್ಕದಲ್ಲಿ ಕೊಡಿ.

ನವಲಗುಂದ ಕಡೆಯ ಒಬ್ಬ ಅಜ್ಜಿ ನಮ್ಮ ಆಸ್ಪತ್ರೆಯ ಬೆಂಚಿನ ಮೇಲೆ ಮಧ್ಯಾಹ್ನ ಪೂರ್ತಿ ಹೀಗೆ ಕೂತಿದ್ದರು. ಸೊಸೆ ನಿದ್ದೆಗೆಟ್ಟು ಸೋತಿದ್ದಳು. ಅಜ್ಜಿಯ ಎಡಗೈಯಲ್ಲಿ ಸ್ಟೀಲ್ ಬಟ್ಟಲು, ಕಣ್ಣು ಗೋಡೆಯ ಗಡಿಯಾರದ ಮೇಲೆ. ಐದು ಗಂಟೆಯ ಹೊತ್ತಿಗೆ ಅವರ ಸೀರೆ ಒದ್ದೆಯಾಯಿತು. "ಉಚ್ಚಿ ಹೊಯ್ತ್ರಿ ಡಾಕ್ಟ್ರ!" ಅಂತ ಕೂಗಿದ ಆ ದನಿ ನನಗೆ ಇನ್ನೂ ನೆನಪಿದೆ. ಅವತ್ತು ಆ ಕೂಸಿಗೆ ಸಲೈನ್ ಬೇಕಾಗಲಿಲ್ಲ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಸಾಲದೇ ಹೋದಾಗ, ಡಾ. ದಿಲೀಪ್ ಮಹಲನೋಬಿಸ್ ಮಾಡಿದ್ದೂ ಇದನ್ನೇ. ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಸಾವಿರಾರು ಜನ ಬದುಕಿದರು.

ಪುಡಿ ಕಲಸುವಾಗ ಬಹಳ ಮನೆಗಳಲ್ಲಿ ತಪ್ಪಾಗುತ್ತದೆ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ. ಸಣ್ಣದು 200 ಎಂಎಲ್‌ಗೆ. ಮೇಲೆ ಬರೆದಿರುತ್ತದೆ, ಓದಿ ನೋಡಿ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದರೆ ಉಪ್ಪು ವಿಪರೀತವಾಗಿ ಕೂಸಿಗೆ ಅಪಾಯ. ಅಂದಾಜಿಗೆ ಅರ್ಧ ಪೊಟ್ಟಣವೂ ಬೇಡ. ಲೀಟರ್ ಬಾಟಲಿಯಲ್ಲಿ ಅಳೆದ, ಕುದಿಸಿ ಆರಿಸಿದ ನೀರಿಗೆ ದೊಡ್ಡ ಪೊಟ್ಟಣದ ಪೂರ್ತಿ ಪುಡಿ ಹಾಕಿ. 24 ಗಂಟೆ ಆದ ಮೇಲೆ ಉಳಿದದ್ದನ್ನು ಚೆಲ್ಲಿ. ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳು ಓಆರ್‌ಎಸ್ ಅಲ್ಲ. ಅವುಗಳಲ್ಲಿ ಸಕ್ಕರೆ ಜಾಸ್ತಿ, ಭೇದಿ ಹೆಚ್ಚುತ್ತದೆ. ಅಂಥವುಗಳ ಹೆಸರಿನಲ್ಲಿ ಓಆರ್‌ಎಸ್ ಅನ್ನುವ ಪದವೇ ಇರಬಾರದು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶ ಮಾಡಿದೆ. ಪೊಟ್ಟಣದ ಮೇಲೆ ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೂತ್ರ ಅಂತ ಇರಲಿ.

ಜೊತೆಗೆ ಜಿಂಕ್ ಮಾತ್ರೆ ಕೇಳಿ ಪಡೆಯಿರಿ. ಆರು ತಿಂಗಳು ದಾಟಿದ ಕೂಸಿಗೆ ದಿನಕ್ಕೆ 20 ಎಂಜಿ, 14 ದಿನ. ಮಾತ್ರೆಯನ್ನು ಚಮಚದಲ್ಲಿ ಎದೆಹಾಲಿಗೆ ಹಾಕಿದರೆ ಕರಗುತ್ತದೆ. ಭೇದಿ ನಾಲ್ಕನೆಯ ದಿನಕ್ಕೇ ನಿಂತರೂ 14 ದಿನ ಪೂರ್ತಿ ಮಾಡಿ. ಆಶಾ ಕಾರ್ಯಕರ್ತೆಯರ ಹತ್ತಿರ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಓಆರ್‌ಎಸ್, ಜಿಂಕ್ ಎರಡೂ ಪುಕ್ಕಟೆ ಸಿಗುತ್ತವೆ.

ವಾಂತಿ ಹಿಡಿತಕ್ಕೆ ಬಂದ ಮೇಲೆ ಊಟ ಕೊಡಿ: ಮೆತ್ತಗಿನ ಅನ್ನಕ್ಕೆ ಹೆಸರುಬೇಳೆ, ಮೊಸರನ್ನ, ಬಾಳೆಹಣ್ಣು. ಸ್ವಲ್ಪ ಸ್ವಲ್ಪ, ಪದೇ ಪದೇ. ಕೂಸನ್ನು ಉಪವಾಸ ಕೆಡವಬೇಡಿ.

ನಮ್ಮ ಕಡೆ ನಳದ ನೀರು ಎಷ್ಟೋ ದಿನಕ್ಕೊಮ್ಮೆ ಬರುತ್ತದೆ. ಬ್ಯಾರಲ್‌ನಲ್ಲಿ ತುಂಬಿಡದೆ ಗತಿಯಿಲ್ಲ. ಕೂಸಿನ ನೀರನ್ನು ಬೇರೆ ಪಾತ್ರೆಯಲ್ಲಿ ಕುದಿಸಿ, ಮುಚ್ಚಿಡಿ. ಅದರೊಳಗೆ ಕೈ ಅದ್ದುವುದು ಬೇಡ, ಉದ್ದ ಹಿಡಿಯ ಸೌಟು ಇಟ್ಟುಕೊಳ್ಳಿ. ಹಾಲಿನ ಬಾಟಲಿ ಇದ್ದರೆ ಬಿಟ್ಟುಬಿಡಿ, ಚಮಚ ಸಾಕು. ಕೂಸಿನ ಬಟ್ಟೆ ಬದಲಿಸಿದ ಮೇಲೆ ಕೈಗೆ ಸಾಬೂನು ತಪ್ಪಿಸಬೇಡಿ. 6, 10, 14ನೇ ವಾರದ ರೋಟಾವೈರಸ್ ಲಸಿಕೆ ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ.

ಭೇದಿ ಎಷ್ಟು ಸಲ ಅಂತ ಎಣಿಸುವುದಕ್ಕಿಂತ ಉಚ್ಚೆ ಎಷ್ಟು ಸಲ ಅಂತ ಎಣಿಸಿ. ಆರು ಗಂಟೆ ಉಚ್ಚೆಯೇ ಇಲ್ಲ, ಅತ್ತರೆ ಕಣ್ಣೀರಿಲ್ಲ, ಕಣ್ಣು ಒಳಗೆ ಹೋಗಿವೆ ಅಂದರೆ ಕಾಯಬೇಡಿ. ಹೊಕ್ಕಳ ಪಕ್ಕದ ಚರ್ಮವನ್ನು ಎರಡು ಬೆರಳಲ್ಲಿ ಎತ್ತಿ ಬಿಡಿ. ತಟ್ಟನೆ ಕೆಳಗೆ ಹೋಗದೆ ಮಡಿಕೆಯಾಗಿ ನಿಂತರೂ ಅಷ್ಟೇ. ಭೇದಿಯಲ್ಲಿ ರಕ್ತ, ಹಸಿರು ವಾಂತಿ, ಉಬ್ಬಿದ ಹೊಟ್ಟೆ, ಕಡಿಮೆಯಾಗದ ಜ್ವರ, ಫಿಟ್ಸ್, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ರಾತ್ರಿ ಎರಡು ಗಂಟೆಯಾಗಿದ್ದರೂ ಹೊರಡಿ. ನಿಮಗೆ ಗದಗದ ಜಿಮ್ಸ್ ಆಸ್ಪತ್ರೆ ಹತ್ತಿರ. ಗಾಡಿ ಇಲ್ಲದಿದ್ದರೆ 108ಕ್ಕೆ ಫೋನ್ ಮಾಡಿ. ಮಂಪರಿನಲ್ಲಿರುವ ಕೂಸಿನ ಬಾಯಿಗೆ ಏನೂ ಹಾಕಬೇಡಿ. ಎಚ್ಚರವಾಗಿದ್ದರೆ ದಾರಿಯುದ್ದಕ್ಕೂ ಚಮಚ ನಿಲ್ಲಿಸಬೇಡಿ. ನಿಮಗೆ ಸುಸ್ತಾದರೆ ಬಟ್ಟಲು ಅತ್ತೆಯವರ ಕೈಗೆ ಕೊಡಿ.