ಗಂಡ ವಾರಕ್ಕೆ ಎರಡೇ ದಿನ ಮನೆಯಲ್ಲಿರೋದು, ಅಧಿಕಾರಿಗೆ ಏನು ಹೇಳಲಿ?

ಪ್ರಶ್ನೆ: ನನ್ನ ಗಂಡ ಅಮೆರಿಕದ ಪ್ರಜೆ. ಮದುವೆಯಾಗಿ ವರ್ಷವಾಯಿತು. ನನ್ನ ಗ್ರೀನ್ ಕಾರ್ಡ್ ಸಂದರ್ಶನ ಮುಂದಿನ ತಿಂಗಳಿದೆ. ಇಬ್ಬರಿಗೂ ಎರಡನೇ ಮದುವೆ, ಸುಮ್ನೆ ರಿಜಿಸ್ಟರ್ ಮಾಡಿಸಿಕೊಂಡೆವು. ಫೋಟೋ ಕಮ್ಮಿ. ಅವರ ಕೆಲಸ ಬೇರೆ ಊರಿನಲ್ಲಿ. ಅಲ್ಲೊಂದು ರೂಮ್ ಮಾಡಿಕೊಂಡಿದ್ದಾರೆ, ಶನಿವಾರ ಭಾನುವಾರ ಮನೆಗೆ ಬರುತ್ತಾರೆ. ‘ರೂಮಿನ ಸುದ್ದಿಯೇ ಎತ್ತಬೇಡಿ’ ಅಂತ ಪರಿಚಯದವರು ಹೇಳುತ್ತಿದ್ದಾರೆ. ದಾಖಲೆ ಹುಡುಕೋದೆಲ್ಲ ನಾನೊಬ್ಬಳೇ. ಮೊನ್ನೆ ‘ನನ್ನ ಟೂತ್‌ಬ್ರಷ್ ಯಾವ ಬಣ್ಣ ಹೇಳಿ’ ಅಂದೆ. ತಪ್ಪು ಹೇಳಿದರು. ಅಳು ತಡೆಯಲಾಗಲಿಲ್ಲ. ನಮ್ಮ ಮದುವೆ ನಿಜ ಅಂತ ಯಾರಿಗೋ ಯಾಕೆ ತೋರಿಸಬೇಕು?

ಉತ್ತರ: ಮೊದಲು ಆ ರೂಮಿನ ವಿಷಯ. ಅದನ್ನು ಮುಚ್ಚಿಡಬೇಡಿ. ಅವರ ಸಂಬಳದ ಚೀಟಿ, ಬ್ಯಾಂಕ್ ಲೆಕ್ಕ ಎಲ್ಲದರಲ್ಲೂ ಆ ಊರು ಇರುತ್ತದೆ. ನಿಮಗಾಗಿ ಗಂಡ ಹಾಕಿದ ಐ-130 ಅರ್ಜಿಯಲ್ಲಿ ಕಳೆದ 5 ವರ್ಷಗಳ ವಿಳಾಸ ಕೇಳಿರುತ್ತಾರೆ. ಈಗಲೇ ನಿಮ್ಮ ಪ್ರತಿ ತೆಗೆದು ನೋಡಿ. ರೂಮಿನ ವಿಳಾಸ ಬಿಟ್ಟುಹೋಗಿದ್ದರೆ, ಸಂದರ್ಶನದ ಶುರುವಿನಲ್ಲೇ ‘ಇಲ್ಲೊಂದು ತಿದ್ದುಪಡಿ ಇದೆ’ ಎಂದು ನೀವೇ ಹೇಳಿ. ತಾವಾಗಿ ಹೇಳಿದವರ ಮೇಲೆ ನಂಬಿಕೆ ಹುಟ್ಟುತ್ತದೆ. ಬೇಕಂತಲೇ ಸುಳ್ಳು ಹೇಳಿ ಸಿಕ್ಕಿಬಿದ್ದರೆ ಮದುವೆ ನಿಜವಾದದ್ದಾದರೂ ಗ್ರೀನ್ ಕಾರ್ಡ್ ಕೈತಪ್ಪಬಹುದು. ಮದುವೆಯೇ ನಾಟಕ ಎಂದು ತೀರ್ಮಾನವಾದರಂತೂ, ಮುಂದೆ ಕುಟುಂಬದವರು ನಿಮ್ಮ ಪರವಾಗಿ ಹಾಕುವ ಅರ್ಜಿಗೂ ಬಾಗಿಲು ಮುಚ್ಚುತ್ತದೆ.

ಗಂಡ ಹೆಂಡತಿ ದಿನವೂ ಒಂದೇ ಸೂರಿನಡಿ ಮಲಗಬೇಕು ಅಂತ ಕಾನೂನು ಹೇಳುವುದಿಲ್ಲ. ಮದುವೆಯಾಗುವಾಗ ಇಬ್ಬರಿಗೂ ಒಟ್ಟಿಗೆ ಬಾಳುವ ಮನಸ್ಸಿತ್ತಾ ಅನ್ನುವುದೇ ಮುಖ್ಯ ಪ್ರಶ್ನೆ. ಕೆಲಸಕ್ಕಾಗಿ ದೂರ ಇರುವುದು ಅದಕ್ಕೆ ಅಡ್ಡಿಯಲ್ಲ, ಆದರೆ ಕಾರಣ ಕಾಗದದ ಮೇಲೆ ಕಾಣಬೇಕು. ಅವರ ಕಂಪನಿಯಿಂದ ಒಂದು ಪತ್ರ ತನ್ನಿ. ವಾರ ವಾರ ಬಂದುಹೋದ ಟಿಕೆಟ್, ಪೆಟ್ರೋಲ್ ರಸೀದಿ ಇದ್ದರೆ ಜೋಡಿಸಿ. ಫೋಟೋಗಿಂತ ಇವುಗಳಿಗೆ ತೂಕ ಜಾಸ್ತಿ. ಸಂದರ್ಶನಕ್ಕೆಂದೇ ಸೀರೆ ಬದಲಾಯಿಸಿ ಹತ್ತು ಫೋಟೋ ತೆಗೆಸಿಕೊಳ್ಳುವ ಸಾಹಸ ಖಂಡಿತ ಬೇಡ.

ಇಬ್ಬರ ಹೆಸರಿರುವ ಬಾಡಿಗೆ ಕರಾರು, ಜಂಟಿ ಖಾತೆ, ಒಟ್ಟಿಗೆ ಸಲ್ಲಿಸಿದ ತೆರಿಗೆ ವಿವರ, ಒಬ್ಬರ ವಿಮೆಗೆ ಇನ್ನೊಬ್ಬರು ನಾಮಿನಿ, ಇಂಥವು ಮುಖ್ಯ. ಜಂಟಿ ಖಾತೆ ಅಂದರೆ ಹೆಸರಿಗೆ ತೆರೆದು ಬಿಟ್ಟದ್ದಲ್ಲ, ಬಾಡಿಗೆ, ಕರೆಂಟ್ ಬಿಲ್ ಅದರಿಂದಲೇ ಹೋಗಿರಬೇಕು. ನಿಮ್ಮನ್ನು ಬಲ್ಲ ಒಂದಿಬ್ಬರು ಸ್ನೇಹಿತರು ತಾವು ಕಣ್ಣಾರೆ ಕಂಡದ್ದನ್ನು ಬರೆದುಕೊಟ್ಟರೆ ಅದೂ ಉಪಯೋಗಕ್ಕೆ ಬರುತ್ತದೆ. ಇಬ್ಬರದೂ ಎರಡನೇ ಮದುವೆಯಾದ್ದರಿಂದ ಹಿಂದಿನ ವಿಚ್ಛೇದನದ ಆದೇಶಗಳು ಬೇಕೇ ಬೇಕು. ಕನ್ನಡದಲ್ಲಿದ್ದರೆ ದೃಢೀಕರಿಸಿದ ಇಂಗ್ಲಿಷ್ ಅನುವಾದವೂ ಜೊತೆಗಿರಲಿ.

ಇನ್ನು ಟೂತ್‌ಬ್ರಷ್. ಅನುಮಾನ ಬಂದರೆ ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಒಂದೇ ಪ್ರಶ್ನೆ ಕೇಳಿ ಉತ್ತರ ತಾಳೆ ನೋಡುವುದುಂಟು, ನಿಜ. ಆದರೆ ನೀವು ಮನೆಯಲ್ಲಿ ಪರೀಕ್ಷೆ ಇಡಬೇಡಿ. ಅವರು ಬಣ್ಣ ಮರೆತದ್ದು ನಿಮ್ಮನ್ನು ಮರೆತಂತಲ್ಲ. ಗೊತ್ತಿಲ್ಲದ್ದಕ್ಕೆ ‘ನೆನಪಿಲ್ಲ’ ಅನ್ನಲಿ, ಊಹಿಸಿ ಏನೋ ಹೇಳಿದರೆ ಅದೇ ಎಡವಟ್ಟು. ಬಾಯಿಪಾಠ ಮಾಡಿದ ಉತ್ತರ ಇಬ್ಬರಲ್ಲೂ ಅಕ್ಷರಶಃ ಒಂದೇ ಥರ ಬಂದರೂ ಅನುಮಾನ ಬರುತ್ತದೆ.

‘ಯಾಕೆ ತೋರಿಸಬೇಕು’ ಅನ್ನುವ ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ಒಮ್ಮೆ ಮುರಿದು ಮತ್ತೆ ಕಟ್ಟಿಕೊಂಡ ಸಂಸಾರವನ್ನು ಹೊರಗಿನವರು ಕೆದಕಿದರೆ ಅವಮಾನ ಅನಿಸುವುದು ಸಹಜ. ಆದರೆ ನಿಮ್ಮ ಪತ್ರ ಓದಿದರೆ, ಅಧಿಕಾರಿಗಿಂತ ಗಂಡನ ಮೇಲೆ ಬೇಸರ ಜಾಸ್ತಿ ಇದೆ ಅನಿಸುತ್ತದೆ, ಅಲ್ವಾ? ಎಲ್ಲವನ್ನೂ ಒಬ್ಬಳೇ ಹೊತ್ತಿದ್ದೀರಿ. ಅದನ್ನು ಟೂತ್‌ಬ್ರಷ್ ಪ್ರಶ್ನೆಯಲ್ಲಿ ಅಡಗಿಸದೆ ಅವರಿಗೆ ನೇರವಾಗಿ ಹೇಳಿ. ‘ನನಗೆ ಭಯವಾಗಿದೆ, ಕಂಪನಿ ಪತ್ರ, ಬ್ಯಾಂಕ್ ಲೆಕ್ಕ ನಿಮ್ಮ ಜವಾಬ್ದಾರಿ’ ಅನ್ನಿ. ಈ ಶನಿವಾರ ಬಂದಾಗ ಅರ್ಜಿಯ ಪ್ರತಿಯನ್ನು ಇಬ್ಬರೂ ಕೂತು ಓದಿ. ತಿದ್ದಬೇಕಾದ್ದು ದೊಡ್ಡದಿದ್ದರೆ ವಲಸೆ ವಕೀಲರನ್ನು ಸಂದರ್ಶನಕ್ಕೆ ಮೊದಲೇ ಕಾಣಿ.

ಒಂದು ವಿಷಯ ನೆನಪಿರಲಿ: ಮದುವೆಗೆ 2 ವರ್ಷ ತುಂಬುವ ಮೊದಲೇ ಒಪ್ಪಿಗೆ ಸಿಕ್ಕರೆ ನಿಮಗೆ 2 ವರ್ಷದ ಷರತ್ತಿನ ಕಾರ್ಡ್ ಬರುತ್ತದೆ. ಅದರ ಅವಧಿ ಮುಗಿಯುವ ಮುಂಚಿನ 90 ದಿನಗಳಲ್ಲಿ ಆ ಷರತ್ತು ತೆಗೆಸಲು ಇಬ್ಬರೂ ಸೇರಿ ಐ-751 ಅರ್ಜಿ ಹಾಕಬೇಕು. ಆಗಲೂ ಇದೇ ದಾಖಲೆ ಕೇಳುತ್ತಾರೆ. ಹಾಗಾಗಿ ಆ ಫೈಲನ್ನು ಈಗಿನಿಂದಲೇ ಗಂಡನ ಕೈಗೆ ಕೊಡಿ.