ಓದುಗರ ಪ್ರಶ್ನೆ: ಇಂಗ್ಲೆಂಡಿನ ಹಳ್ಳಿಗಾಡಿನ ಕಾಡಿಗೆ ಹೋಗುವುದಾದರೆ

ಪ್ರಶ್ನೆ: ಮಗಳು ಮತ್ತು ಅಳಿಯ ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣದಲ್ಲಿದ್ದಾರೆ. ಏಪ್ರಿಲ್ ಕೊನೆಯ ವಾರದಲ್ಲಿ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಹೊರಟಿದ್ದೇವೆ. ಅರಮನೆ, ಗಡಿಯಾರದ ಗೋಪುರಗಳನ್ನು ಮಗಳು ಹೇಗೂ ತೋರಿಸುತ್ತಾಳೆ. ಜನಸಂದಣಿಯಿಲ್ಲದ ಯಾವುದಾದರೂ ಹಳ್ಳಿಗಾಡಿನ ಕಾಡಿನಲ್ಲಿ ಅರ್ಧ ದಿನ ಸುಮ್ಮನೆ ಕಳೆಯಬೇಕೆಂಬುದು ನನ್ನ ಆಸೆ. ತೋಟ, ಬೆಟ್ಟಗಳ ನಡುವೆಯೇ ಬೆಳೆದ ನಮಗೆ ಅಲ್ಲಿ ನೋಡಲು ಏನಾದರೂ ಇದೆಯೇ? ಒಳಗೆ ಹೋಗಲು ಯಾರ ಅನುಮತಿ ಬೇಕು? ಹೆಂಡತಿಗೆ ಮಂಡಿನೋವಿದೆ ಎಂಬುದನ್ನೂ ಗಮನದಲ್ಲಿಟ್ಟು ಹೇಳಿ. (ಓದುಗರು, ಶಿರಸಿ)

ಉತ್ತರ: ನೋಡಲು ಖಂಡಿತ ಇದೆ, ಆದರೆ ಘಟ್ಟದ ಕಾಡಿನೊಂದಿಗೆ ಹೋಲಿಸುತ್ತ ಹೋದರೆ ನಿರಾಸೆಯೇ ಆದೀತು. ನಮ್ಮ ಉತ್ತರ ಕನ್ನಡ ಜಿಲ್ಲೆಯ ನೆಲದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಅರಣ್ಯವಿದ್ದರೆ, ಇಂಗ್ಲೆಂಡಿನಲ್ಲಿ ಕಾಡಿರುವುದು ಸುಮಾರು ಹತ್ತರಲ್ಲಿ ಒಂದು ಪಾಲು. ಅದೂ ಗೋದಿಯ ಹೊಲಗಳು ಮತ್ತು ಕುರಿ ಮೇಯುವ ಹುಲ್ಲುಗಾವಲುಗಳ ನಡುವೆ ತುಂಡುತುಂಡಾಗಿ ಉಳಿದಿರುವಂಥದ್ದು. ಹಿಮಯುಗ ಮುಗಿದ ಮೇಲೆ ದಕ್ಷಿಣದಿಂದ ಮರಗಳು ಒಂದೊಂದಾಗಿ ಮರಳಿ ಬರುತ್ತಿದ್ದ ಕಾಲದಲ್ಲಿಯೇ, ಅಂದರೆ ಸುಮಾರು 8,000 ವರ್ಷಗಳ ಹಿಂದೆ, ಸಮುದ್ರ ಏರಿ ಬ್ರಿಟನ್ ದ್ವೀಪವಾಗಿಬಿಟ್ಟಿತು. ಹೀಗಾಗಿ ಅಲ್ಲಿನ ಸ್ವಂತ ಮರಜಾತಿಗಳು ಬಹಳ ಕಡಿಮೆ. ಸಿದ್ದಾಪುರದ ಕತ್ತಲೆಕಾನಿನ ರಾಮಪತ್ರೆ ಜೌಗನ್ನು ಕಂಡವರಿಗೆ ಓಕ್, ಬೀಚ್, ಆ್ಯಶ್, ಹೇಝಲ್ ಎಂಬ ನಾಲ್ಕಾರು ಹೆಸರುಗಳಲ್ಲಿ ಮುಗಿಯುವ ಕಾಡು ಬಡವಾಗಿ ಕಂಡರೆ ಆಶ್ಚರ್ಯವಿಲ್ಲ.

ಅವುಗಳ ಸ್ವಾರಸ್ಯವಿರುವುದು ಬೇರೆಡೆ. ಇಂಗ್ಲೆಂಡಿನ ಹಳೆಯ ಕಾಡುಗಳು ಮನುಷ್ಯ ಮುಟ್ಟದ ಕಾಡುಗಳಲ್ಲ. ಶತಮಾನಗಳ ಕಾಲ ಹಳ್ಳಿಯ ಜನ ಸೌದೆ, ಗೂಟ, ಬೇಲಿಯ ಬರಲು, ಇದ್ದಿಲು, ಮೇವುಗಳಿಗಾಗಿ ಕತ್ತಿ ಹಿಡಿದು ದುಡಿದ ಜಾಗಗಳು. ಆ ದುಡಿಮೆ ಬಹುತೇಕ ಕಡೆ ನಿಂತುಹೋಗಿದೆ. ಈಗ ಪ್ರವಾಸಿಗರು ಹುಡುಕಿಕೊಂಡು ಹೋಗುವ ನಿಶ್ಶಬ್ದ ಹೆಚ್ಚಾಗಿ ಹೀಗೆ ಕೆಲಸ ನಿಂತ ಜಾಗದ ನಿಶ್ಶಬ್ದವೇ. ಆದ್ದರಿಂದ ಅದನ್ನು ಓದಬಲ್ಲ ಕಣ್ಣು ಲಂಡನ್ನಿನವರಿಗಿಂತ ತೋಟಕ್ಕೆ ಸೊಪ್ಪು ತರಲೆಂದೇ ಸೊಪ್ಪಿನ ಬೆಟ್ಟ ಇಟ್ಟುಕೊಂಡ ಶಿರಸಿಯವರಿಗೇ ಹೆಚ್ಚಾಗಿ ಇದ್ದೀತೆಂದು ನನ್ನ ನಂಬಿಕೆ.

ಕಾಡಿನೊಳಗೆ ಹೋದಾಗ ಮೊದಲು ಮರಗಳ ಬುಡ ನೋಡಿ. ಒಂದೇ ಬುಡದಿಂದ ಆರೆಂಟು ಸಪೂರ ಕಾಂಡಗಳು ಗುಂಪಾಗಿ ಎದ್ದಿದ್ದರೆ ಅದು ಕಾಪಿಸ್ ಮಾಡಿದ ಮರ. ಹೇಝಲ್ ಗಿಡವನ್ನು ಹತ್ತು ವರ್ಷಕ್ಕೊಮ್ಮೆ, ಕೆಲವು ಕಡೆ ಇನ್ನೂ ಬೇಗ, ನೆಲಮಟ್ಟಕ್ಕೆ ಕಡಿದರೆ ಬುಡ ಸಾಯದೆ ಮತ್ತೆ ಚಿಗುರುತ್ತದೆ; ಹಾಗೆ ಕಡಿಯುತ್ತ ಬಂದ ಬುಡಗಳು ಕಡಿಯದೆ ಬಿಟ್ಟ ಮರಗಳಿಗಿಂತ ಹೆಚ್ಚು ಕಾಲ ಬದುಕುತ್ತವೆ. ದನ ಮೇಯುವ ಕಾಡಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಚಿಗುರು ದನದ ಬಾಯಿಗೆ ಹೋಗುತ್ತದೆ. ಅಲ್ಲಿ ಆಳೆತ್ತರಕ್ಕಿಂತ ಮೇಲೆ, ದನದ ಬಾಯಿಗೆ ಎಟುಕದಂತೆ, ರೆಂಬೆಗಳನ್ನು ಮಾತ್ರ ಸವರುತ್ತಿದ್ದರು. ಹೀಗೆ ಸವರಿದ ಮರಕ್ಕೆ ಪೊಲಾರ್ಡ್ ಎಂದು ಹೆಸರು. ದಪ್ಪ, ಗಿಡ್ಡ, ಗಂಟುಗಂಟಾದ ಬೊಡ್ಡೆಯ ತುದಿಯಲ್ಲಿ ಎತ್ತರದ ಕೊಂಬೆಗಳ ಗುಂಪು ಕಂಡರೆ, ಸವರುವ ಕೆಲಸ ಎಷ್ಟು ಹಿಂದೆ ನಿಂತಿತೆಂಬುದನ್ನು ಕೊಂಬೆಗಳ ದಪ್ಪ ನೋಡಿ ಊಹಿಸಬಹುದು.

ಇಂತಹ ಪೊಲಾರ್ಡ್ ಬೀಚ್ ಮರಗಳನ್ನು ನೋಡಲು ನಿಮ್ಮ ಮಗಳ ಮನೆಯಿಂದ ದೂರ ಹೋಗಬೇಕಾಗಿಯೂ ಇಲ್ಲ. ಸ್ಲೌ ಪಟ್ಟಣದ ಉತ್ತರಕ್ಕೆ ಕೆಲವೇ ಮೈಲಿಗಳಲ್ಲಿ ಬರ್ನ್‌ಹ್ಯಾಮ್ ಬೀಚಸ್ ಎಂಬ ಕಾಡಿದೆ. ಕಟ್ಟಡಗಳ ಪಾಲಾಗಬಹುದಾಗಿದ್ದ ಅದನ್ನು ಸಿಟಿ ಆಫ್ ಲಂಡನ್ ಕಾರ್ಪೊರೇಶನ್ 1880ರಲ್ಲಿ ಕೊಂಡು ಸಾರ್ವಜನಿಕರಿಗಾಗಿ ಉಳಿಸಿತು. ಅಲ್ಲಿನ ಕೆಲವು ಮರಗಳಿಗೆ ನಾಲ್ಕು ಶತಮಾನಕ್ಕೂ ಮೀರಿದ ವಯಸ್ಸು. ಒಳಗೆ ಕಾರುಗಳಿಗೆ ಮುಚ್ಚಿದ ಡಾಂಬರು ದಾರಿಗಳಿರುವುದರಿಂದ ನಿಮ್ಮ ಹೆಂಡತಿಯವರ ಮಂಡಿಗೂ ಇದೇ ಅನುಕೂಲ. ಆದರೆ ಭಾನುವಾರ ಮಾತ್ರ ಹೋಗಬೇಡಿ: ನಾಯಿಗಳನ್ನು ಅಡ್ಡಾಡಿಸಲು ಬರುವವರಿಂದಲೇ ಕಾಡು ತುಂಬಿರುತ್ತದೆ.

ಸೊಪ್ಪಿನ ಬೆಟ್ಟದ ಮಾತು ಬಂದದ್ದರಿಂದ ಇನ್ನೊಂದು ಕಾಡಿನ ಕತೆಯನ್ನೂ ಹೇಳಬೇಕು. ಲಂಡನ್ನಿನ ಈಶಾನ್ಯಕ್ಕಿರುವ ಎಪಿಂಗ್ ಕಾಡಿನಲ್ಲಿ ಲೌಟನ್ ಹಳ್ಳಿಯವರಿಗೆ ಚಳಿಗಾಲದಲ್ಲಿ ಮರದ ರೆಂಬೆ ಸವರಿ ಸೌದೆ ಒಯ್ಯುವ ಹಕ್ಕಿತ್ತು. ನವೆಂಬರ್ 11ರಿಂದ ಏಪ್ರಿಲ್ 23ರವರೆಗೆ ಮಾತ್ರ ಎಂದು ಅದಕ್ಕೆ ಕಾಲಮಿತಿಯೂ ಇತ್ತು. 1860ರ ದಶಕದಲ್ಲಿ ಅಲ್ಲಿನ ಜಮೀನುದಾರ ಕಾಡಿಗೆ ಬೇಲಿ ಹಾಕಿಸಿದಾಗ ಥಾಮಸ್ ವಿಲ್ಲಿಂಗೇಲ್ ಎಂಬ ಕೂಲಿಕಾರ ಬೇಲಿಯನ್ನು ಲೆಕ್ಕಿಸದೆ ರೆಂಬೆ ಸವರುವುದನ್ನು ಮುಂದುವರಿಸಿದ. 1866ರಲ್ಲಿ ಅವನ ಕುಟುಂಬದ ಮೂವರು ಜೈಲು ಸೇರಿದರು. ವ್ಯಾಜ್ಯ ಬೆಳೆದು, ಕೊನೆಗೆ 1878ರ ಎಪಿಂಗ್ ಅರಣ್ಯ ಕಾಯ್ದೆಯ ಮೂಲಕ ಕಾಡು ಎಲ್ಲರಿಗೂ ತೆರೆಯಿತು. ವಿಪರ್ಯಾಸವೆಂದರೆ, ಯಾವ ಹಕ್ಕಿಗಾಗಿ ಜೈಲಿಗೆ ಹೋದರೋ ಆ ಹಕ್ಕು ಅದರೊಂದಿಗೇ ಮುಗಿಯಿತು. ಪರಿಹಾರವಾಗಿ ಬಂದ ಹಣದಲ್ಲಿ ಕಟ್ಟಿದ ‘ಲಾಪಿಂಗ್ ಹಾಲ್’ ಎಂಬ ಸಭಾಭವನ 1884ರಿಂದ ಲೌಟನ್ನಿನಲ್ಲಿದೆ. ಸವರುವ ಕೈಗಳು ನಿಂತ ಮೇಲೆ ಅಲ್ಲಿನ ಬೀಚ್ ಮತ್ತು ಹಾರ್ನ್‌ಬೀಮ್ ಮರಗಳ ತಲೆ ಭಾರವಾಗಿ, ನೆಲಕ್ಕೆ ಬಿಸಿಲು ಬೀಳುವುದು ಕಡಿಮೆಯಾಯಿತು. ಅಡಿಕೆ ತೋಟಕ್ಕಾಗಿ ಸೊಪ್ಪು, ದರಕು ತರುವ ಹಕ್ಕು ಇಂದಿಗೂ ಚರ್ಚೆಯಲ್ಲಿರುವ ನಮ್ಮ ಜಿಲ್ಲೆಯವರು ಆ ಊರಿಗೊಮ್ಮೆ ಹೋಗಿ ಬರುವುದು ಒಳ್ಳೆಯದು. ಲಂಡನ್ನಿನ ಮೆಟ್ರೋ ರೈಲಿನ ಸೆಂಟ್ರಲ್ ಮಾರ್ಗ ಲೌಟನ್‌ವರೆಗೂ ಹೋಗುತ್ತದೆ.

ನೀವು ಆರಿಸಿಕೊಂಡ ಕಾಲ ಬಹಳ ಚೆನ್ನಾಗಿದೆ. ಏಪ್ರಿಲ್ ನಡುವಿನಿಂದ ಮೇ ನಡುವಿನವರೆಗೆ ಬ್ಲೂಬೆಲ್ ಹೂ ಬಿಡುತ್ತದೆ. ಓಕ್, ಬೀಚ್ ಮರಗಳಲ್ಲಿ ಎಲೆ ತುಂಬಿ ಮೇಲೆ ಚಪ್ಪರ ಮುಚ್ಚುವ ಮೊದಲು ನೆಲಕ್ಕೆ ಬೀಳುವ ಬಿಸಿಲನ್ನು ಈ ಗಡ್ಡೆಗಿಡ ಬಳಸಿಕೊಂಡು, ಹೂ ಬಿಟ್ಟು, ಬೇಸಿಗೆಯ ಹೊತ್ತಿಗೆ ಒಣಗಿ ಹೋಗುತ್ತದೆ. ಹಾಗಾಗಿ ಕೆಲವು ವಾರ ಮಾತ್ರ ಕಾಡಿನ ನೆಲವೆಲ್ಲ ನೀಲಿ. ಜಗತ್ತಿನ ಒಟ್ಟು ಬ್ಲೂಬೆಲ್‌ಗಳಲ್ಲಿ ಅರ್ಧದಷ್ಟು ಬ್ರಿಟನ್ನಿನಲ್ಲಿಯೇ ಇವೆಯೆಂದು ಅಂದಾಜು. ಅವುಗಳ ಎಲೆ ಒಮ್ಮೆ ತುಳಿತಕ್ಕೆ ಸಿಕ್ಕಿದರೆ ಗಿಡ ಚೇತರಿಸಿಕೊಳ್ಳಲು ವರ್ಷಗಳೇ ಬೇಕು. ಫೋಟೋಕ್ಕಾಗಿ ದಾರಿ ಬಿಟ್ಟು ಇಳಿಯಬೇಡಿ ಎಂದು ಮಗಳಿಗೂ ಹೇಳಿ.

ನೀವು ಬಯಸುವ ಏಕಾಂತ ಸಮಯವನ್ನೂ ಅವಲಂಬಿಸಿದೆ. ಮೇ ಮೊದಲ ವಾರ ಅಲ್ಲಿ ಬೆಳಗಿನ ಐದೂವರೆಗೆ ಸೂರ್ಯ ಹುಟ್ಟಿ ರಾತ್ರಿ ಎಂಟೂವರೆಯ ಸುಮಾರಿಗೆ ಮುಳುಗುತ್ತಾನೆ. ಸೂರ್ಯೋದಯದ ಮೊದಲಿನ ಒಂದು ತಾಸು ರಾಬಿನ್, ರೆನ್, ಥ್ರಷ್ ಹಕ್ಕಿಗಳ ಕೂಗಿನಿಂದ ಕಾಡು ಗದ್ದಲದಲ್ಲಿರುತ್ತದೆ. ನಿಜವಾದ ಮೌನ ಬೇಕಾದರೆ ವಾರದ ದಿನದ ಮಧ್ಯಾಹ್ನ ಹೋಗಿ. ನಮ್ಮ ಕಾಡಿನಂತೆ ಅಲ್ಲಿ ಜೀರುಂಡೆಗಳ ಎಡೆಬಿಡದ ಸದ್ದಿಲ್ಲ. ಆದರೆ ದಕ್ಷಿಣ ಇಂಗ್ಲೆಂಡಿನಲ್ಲಿ ಹೆದ್ದಾರಿಯ ಮೊರೆತವಾಗಲಿ ವಿಮಾನದ ಸದ್ದಾಗಲಿ ಪೂರ್ತಿ ತಪ್ಪುವುದು ಕಷ್ಟ, ಅದರಲ್ಲೂ ಸ್ಲೌ ಹೀಥ್ರೂ ನಿಲ್ದಾಣದ ಪಕ್ಕದಲ್ಲೇ ಇದೆ.

ಅನುಮತಿಯ ವಿಚಾರಕ್ಕೆ ಬಂದರೆ, ಸಾರ್ವಜನಿಕ ಕಾಲುದಾರಿಯ ಮೇಲೆ ನಡೆಯಲು ಯಾರನ್ನೂ ಕೇಳಬೇಕಾಗಿಲ್ಲ, ಆ ದಾರಿ ಖಾಸಗಿ ಹೊಲವನ್ನೋ ಕಾಡನ್ನೋ ಹಾದು ಹೋಗುತ್ತಿದ್ದರೂ ಸರಿ. 1949ರ ಕಾಯ್ದೆಯ ಪ್ರಕಾರ ಇಂತಹ ದಾರಿಗಳನ್ನು ಅಧಿಕೃತ ನಕ್ಷೆಯಲ್ಲಿ ದಾಖಲಿಸಲಾಗಿದೆ. ಹಳದಿ ಬಾಣದ ಗುರುತು ನಡೆಯುವವರಿಗೆ, ನೀಲಿ ಬಾಣದ ದಾರಿಯಲ್ಲಿ ಕುದುರೆ ಸವಾರರೂ ಸೈಕಲ್ಲಿನವರೂ ಬರಬಹುದು. ಆದರೆ ದಾರಿ ಬಿಟ್ಟು ಮನಬಂದಂತೆ ತಿರುಗುವ ಹಕ್ಕು ಬೇರೆ; 2000ದ ಕಾಯ್ದೆ ಅದನ್ನು ಕೊಟ್ಟಿರುವುದು ಮುಖ್ಯವಾಗಿ ಬೆಟ್ಟ, ಬಯಲು ಮತ್ತು ನೋಂದಾಯಿತ ಸಾಮೂಹಿಕ ಭೂಮಿಗಳಲ್ಲಿ, ಹೆಚ್ಚಿನ ಖಾಸಗಿ ಕಾಡುಗಳು ಅದರಲ್ಲಿ ಸೇರಿಲ್ಲ. 1972ರಲ್ಲಿ ಆರಂಭವಾದ ವುಡ್‌ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆಯ ಸಾವಿರಕ್ಕೂ ಹೆಚ್ಚು ಕಾಡುಗಳಿಗೆ ಪ್ರವೇಶ ಉಚಿತ. ಅವುಗಳಲ್ಲಿ ಅನೇಕವು ಊರಿನ ಹೊರಗಿನ ಸಣ್ಣ ತುಂಡುಗಳಾದ್ದರಿಂದ ಹೆಸರಾಂತ ತಾಣಗಳಿಗಿಂತ ಅಲ್ಲಿಯೇ ಜನ ಕಡಿಮೆ. ಬ್ರಿಟನ್ನಿನ ನಕ್ಷೆ ತಯಾರಿಸುವ ಸಂಸ್ಥೆಯಾದ ಆರ್ಡ್‌ನನ್ಸ್ ಸರ್ವೆಯವರ ಎಕ್ಸ್‌ಪ್ಲೋರರ್ ನಕ್ಷೆಯನ್ನು ಕೊಂಡುಕೊಳ್ಳಿ. ಅದರಲ್ಲಿ ನಾಲ್ಕು ಸೆಂಟಿಮೀಟರಿಗೆ ಒಂದು ಕಿಲೋಮೀಟರಿನ ಲೆಕ್ಕ, ಸಾರ್ವಜನಿಕ ಕಾಲುದಾರಿಗಳು ಹಸಿರು ತುಂಡುಗೆರೆಗಳಲ್ಲಿರುತ್ತವೆ.

ಹೊಲದ ಬೇಲಿ ದಾಟುವಲ್ಲಿ ನಮ್ಮ ದಣಪೆಯನ್ನೇ ನೆನಪಿಸುವ ಮರದ ಮೆಟ್ಟಿಲುಗಳಿರುತ್ತವೆ. ಕೆಲವು ಮಂಡಿಯೆತ್ತರಕ್ಕೂ ಇರುವುದರಿಂದ, ಅಂಥವು ಹೆಚ್ಚಿರುವ ದಾರಿಯನ್ನು ನಿಮ್ಮ ಹೆಂಡತಿಯವರಿಗಾಗಿ ಬಿಟ್ಟುಬಿಡಿ. ಗೇಟು ಇದ್ದರೆ ಹೇಗಿತ್ತೋ ಹಾಗೆಯೇ ಬಿಟ್ಟು ಹೋಗಬೇಕು. ಕರು ಹಾಕಿದ ದನಗಳಿರುವ ಹೊಲದಲ್ಲಿ ದೂರದಿಂದಲೇ ಸುತ್ತಿ ಹೋಗಿ.

ಪ್ರಶ್ನೆ: ಇಂಗ್ಲೆಂಡಿನ ಕಾಡಿನಲ್ಲಿ ಹಾವು, ಉಂಬಳಗಳ ಕಾಟವಿದೆಯೇ? ಮೊಮ್ಮಕ್ಕಳನ್ನು ಕರೆದೊಯ್ಯಬಹುದೇ? (ಓದುಗರು, ಕಾರವಾರ)

ಉತ್ತರ: ಧಾರಾಳವಾಗಿ ಕರೆದೊಯ್ಯಬಹುದು. ತೋಳಗಳು ಅಲ್ಲಿ ಶತಮಾನಗಳ ಹಿಂದೆಯೇ ಅಳಿದಿವೆ. ವಿಷದ ಹಾವೆಂದರೆ ಆ್ಯಡರ್ ಒಂದೇ, ಅದೂ ಕಾಣಿಸಿಕೊಳ್ಳುವುದು ಅಪರೂಪ. ನಮ್ಮ ಮಳೆಗಾಲದ ಉಂಬಳದ ಚಿಂತೆ ಅಲ್ಲಿಲ್ಲ, ಆದರೆ ಉಣ್ಣಿಯ ಬಗ್ಗೆ ಎಚ್ಚರ ಬೇಕು. ಕೆಲವು ಉಣ್ಣಿಗಳಿಂದ ಲೈಮ್ ಎಂಬ ರೋಗ ಬರುತ್ತದೆ. ಮಂಗನ ಕಾಯಿಲೆಯನ್ನು ಕಂಡ ಜಿಲ್ಲೆಯವರಿಗೆ ಉಣ್ಣಿಯ ವಿಚಾರ ಹೆಚ್ಚು ಹೇಳಬೇಕಿಲ್ಲ: ಪೂರ್ತಿ ಪ್ಯಾಂಟು ಹಾಕಿ, ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಮನೆಗೆ ಬಂದ ಮೇಲೆ ಮಕ್ಕಳ ಮೈ ನೋಡಿ. ಉಣ್ಣಿ ಕಚ್ಚಿದ ಕೆಲವು ವಾರಗಳಲ್ಲಿ ಹರಡುವ ಕೆಂಪು ಮಚ್ಚೆ ಕಂಡರೆ ವೈದ್ಯರಿಗೆ ತೋರಿಸಲೇಬೇಕು. ದಾರಿಯಂಚಿನ ನೆಟಲ್ ಗಿಡ ನಮ್ಮ ತುರಿಕೆ ಸೊಪ್ಪಿನಂತೆಯೇ ಉರಿಸುತ್ತದೆ. ಬೆಳ್ಳುಳ್ಳಿಯ ವಾಸನೆ ಬರುವ ಕಾಡುಸೊಪ್ಪನ್ನು ಅಲ್ಲಿಯವರು ಅಡುಗೆಗೆ ಬಳಸುತ್ತಾರಾದರೂ, ಅದರ ನಡುವೆಯೇ ವಿಷದ ಎಲೆಗಳೂ ಬೆಳೆಯುವುದರಿಂದ ಹೊಸಬರು ಕೀಳದಿರುವುದು ಕ್ಷೇಮ. ವಸಂತದಲ್ಲೂ ದಾರಿ ಕೆಸರಾಗಿರುವುದುಂಟು, ಚಪ್ಪಲಿ ಉಪಯೋಗವಿಲ್ಲ.

ಪ್ರಶ್ನೆ: ಮಗ ಕಳಿಸಿದ ಬ್ಲೂಬೆಲ್ ಕಾಡಿನ ಚಿತ್ರ ನೋಡಿ ಮರುಳಾಗಿದ್ದೇನೆ. ಬರುವಾಗ ನಾಲ್ಕು ಗಡ್ಡೆ ತರಲು ಹೇಳಿ ನಮ್ಮ ಅಂಗಳದಲ್ಲಿ ನೆಡಬಹುದೇ? (ಓದುಗರು, ಯಲ್ಲಾಪುರ)

ಉತ್ತರ: ಬೇಡ. ಭೂಮಾಲೀಕರ ಒಪ್ಪಿಗೆಯಿಲ್ಲದೆ ಕಾಡುಗಿಡ ಕೀಳುವುದು ಅಲ್ಲಿನ 1981ರ ವನ್ಯಜೀವಿ ಕಾಯ್ದೆಯಂತೆ ಅಪರಾಧ. ಬ್ಲೂಬೆಲ್‌ಗೆ 1998ರಿಂದ ಹೆಚ್ಚಿನ ರಕ್ಷಣೆಯೂ ಇದೆ. ನರ್ಸರಿಯಲ್ಲಿ ಕೊಂಡ ಗಡ್ಡೆಯಾದರೂ ಭಾರತಕ್ಕೆ ತರಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಅವಿಲ್ಲದೆ ತಂದರೆ ವಿಮಾನ ನಿಲ್ದಾಣದಲ್ಲಿಯೇ ತೆಗೆದಿಡುತ್ತಾರೆ. ಹೇಗೋ ತಂದು ನೆಟ್ಟರೂ ಹೂವಿನ ಆಸೆ ಇಟ್ಟುಕೊಳ್ಳುವಂತಿಲ್ಲ: ಆ ಗಡ್ಡೆಗೆ ತಿಂಗಳುಗಟ್ಟಲೆ ನಿಜವಾದ ಚಳಿ ಬೇಕು, ಯಲ್ಲಾಪುರದ ಡಿಸೆಂಬರ್ ಅದಕ್ಕೆ ಸಾಲದು, ಜೂನ್ ಮಳೆಗೆ ಅದು ಕೊಳೆತೇ ಹೋಗುತ್ತದೆ.