ಮಾರಿದವನು ತೆರಿಗೆ ಕಟ್ಟದಿದ್ದರೆ ನನ್ನ ಇನ್‌ಪುಟ್ ಕ್ರೆಡಿಟ್ ಏಕೆ ಹೋಗಬೇಕು?
ಬಿಲ್ ಇದೆ, ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸಿದ್ದೇನೆ, ಇನ್‌ಪುಟ್ ಕ್ರೆಡಿಟ್ (ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ನಾವು ಕಟ್ಟಬೇಕಾದ ತೆರಿಗೆಯಿಂದ ವಜಾ ಮಾಡಿಕೊಳ್ಳುವುದು) ಪಡೆಯಲು ಇಷ್ಟು ಸಾಲದೇ ಎಂದು ಕೇಳಿದ್ದೀರಿ. ಸಾಲದು. ಇದೇ ಮಾತನ್ನು ಅಧಿಕಾರಿಯ ಮುಂದೆ ಹೇಳಿ ಸೋತು ಬಂದವನು ನಾನು.

ಪೀಣ್ಯದಲ್ಲಿ ನನ್ನದೊಂದು ಸಣ್ಣ ಫ್ಯಾಬ್ರಿಕೇಶನ್ ಶೆಡ್ ಇದೆ. 2021ರಲ್ಲಿ ಪೇಟೆಗಿಂತ ತುಸು ಅಗ್ಗವಾಗಿ ಕೊಡುತ್ತೇನೆಂದ ವ್ಯಾಪಾರಿಯೊಬ್ಬನಿಂದ 11 ಲಕ್ಷ ರೂಪಾಯಿಯ ಆಂಗಲ್, ಚಾನಲ್ ತರಿಸಿದೆ, ಶೇ. 18ರಂತೆ ಜಿಎಸ್‌ಟಿ 1.98 ಲಕ್ಷ. ಮಾಲು ನಿಜವಾಗಿಯೂ ಬಂತು. ಆದರೆ ಇ-ವೇ ಬಿಲ್ಲಿನಲ್ಲಿ (ಜಿಎಸ್‌ಟಿಯಲ್ಲಿ ಮಾಲು ಸಾಗಿಸಲು ಬೇಕಾದ ಆನ್‌ಲೈನ್ ಚೀಟಿ) ನಮೂದಿಸಿದ್ದ ಲಾರಿಯಲ್ಲಿ ಬರಲಿಲ್ಲ. ಆ ಗಾಡಿ ದಾರಿಯಲ್ಲಿ ಕೆಟ್ಟಿತು, ಮಾಲನ್ನು ಇದಕ್ಕೆ ತುಂಬಿಸಿದೆವು ಎಂದ ಚಾಲಕನ ಮಾತನ್ನು ನಂಬಿ ಇಳಿಸಿಕೊಂಡೆ. ಗಾಡಿ ಬದಲಾದರೆ ಇ-ವೇ ಬಿಲ್ಲಿನ ಎರಡನೆಯ ಭಾಗದಲ್ಲಿ ಹೊಸ ನಂಬರನ್ನು ಸೇರಿಸಲೇಬೇಕು. ಅದಕ್ಕೆ ಐದು ನಿಮಿಷವೂ ಬೇಡ. ನಾನು ಸೇರಿಸಿ ಎನ್ನಲಿಲ್ಲ, ಬಂದ ಗಾಡಿಯ ನಂಬರನ್ನು ಬರೆದಿಟ್ಟುಕೊಳ್ಳಲೂ ಇಲ್ಲ. ಬಾಡಿಗೆಯನ್ನು ನಗದಾಗಿ ಕೊಟ್ಟೆ. ತೂಕದ ಚೀಟಿಯನ್ನು ಯಾರೋ ಕಸಕ್ಕೆ ಹಾಕಿದರು.

ಎರಡು ವರ್ಷದ ನಂತರ ಆ ವ್ಯಾಪಾರಿಯ ಜಿಎಸ್‌ಟಿ ನೋಂದಣಿಯನ್ನು ಮೊದಲ ದಿನದಿಂದಲೇ ರದ್ದುಗೊಳಿಸಿದರು. ನನಗೆ ಜಿಎಸ್‌ಟಿ ಕಾಯ್ದೆಯ 74ನೇ ಕಲಮಿನಡಿ, ಅಂದರೆ ವಂಚನೆಯಿಂದ ಕ್ರೆಡಿಟ್ ಪಡೆದ ಆರೋಪದ ಮೇಲೆ, ನೋಟಿಸು ಬಂತು. ವಿಚಾರಣೆಯಲ್ಲಿ ಅಧಿಕಾರಿ ಫಾಸ್ಟ್ಯಾಗ್ ದಾಖಲೆಯನ್ನು ಮುಂದಿಟ್ಟರು: ಬಿಲ್ಲಿನಲ್ಲಿದ್ದ ಲಾರಿ ಅಂದು ಹುಬ್ಬಳ್ಳಿ ಕಡೆಯ ಟೋಲ್ ದಾಟಿತ್ತು. ಹಾಗಾದರೆ ಮಾಲು ಹೇಗೆ ಬಂತು ಎಂಬ ಪ್ರಶ್ನೆಗೆ ನನ್ನ ಬಳಿ ಬಾಯಿಮಾತಿನ ಹೊರತು ಏನೂ ಇರಲಿಲ್ಲ. ತೆರಿಗೆ, ಅದರಷ್ಟೇ ದಂಡ, ಶೇ. 18ರ ಬಡ್ಡಿ, ಮೂರನ್ನೂ ಕಟ್ಟಿದೆ.

‘ನಾನು ನಿರಪರಾಧಿ’ ಎಂಬ ನಿಮ್ಮ ವಾದವೇ ದಾರಿ ತಪ್ಪಿದೆ ಎನ್ನುತ್ತೇನೆ. ಯುರೋಪಿನಲ್ಲಿ, ಅಲ್ಲಿನ ಒಕ್ಕೂಟದ ನ್ಯಾಯಾಲಯ ಕೊಟ್ಟ 2006ರ ಕಿಟ್ಟೆಲ್ ತೀರ್ಪಿನ ಪ್ರಕಾರ, ಕೊಂಡವನಿಗೆ ವಂಚನೆ ಗೊತ್ತಿತ್ತೇ ಅಥವಾ ಗೊತ್ತಾಗಬೇಕಿತ್ತೇ ಎಂಬುದನ್ನಾದರೂ ನೋಡುತ್ತಾರೆ. ಕ್ರೆಡಿಟ್‌ಗೆ ಷರತ್ತು ಹಾಕುವ ನಮ್ಮ ಜಿಎಸ್‌ಟಿ ಕಾಯ್ದೆಯ 16(2)(ಸಿ) ಕಲಮು ಅದನ್ನೂ ಕೇಳುವುದಿಲ್ಲ. ತೆರಿಗೆ ಸರ್ಕಾರಕ್ಕೆ ಸಂದಿರಬೇಕು, ಅಷ್ಟೇ. 2023ರ ಮಾರ್ಚ್‌ನಲ್ಲಿ ಕರ್ನಾಟಕದ ಕಾಫಿ ವ್ಯಾಪಾರಿಯೊಬ್ಬರ ಹಳೆಯ ವ್ಯಾಟ್ (ಜಿಎಸ್‌ಟಿಗೂ ಮುಂಚಿನ ತೆರಿಗೆ) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಬಿಲ್ ಮತ್ತು ಚೆಕ್ ಮಾತ್ರ ಸಾಕಾಗುವುದಿಲ್ಲ, ಸಾಗಿಸಿದ ವಾಹನ, ಕೊಟ್ಟ ಬಾಡಿಗೆ, ಮಾಲು ತಲುಪಿದ ರಸೀದಿ ಎಲ್ಲವನ್ನೂ ಕೊಂಡವನೇ ತೋರಿಸಬೇಕು ಎಂದಿತು.

ಆದ್ದರಿಂದ ನೋಟಿಸಿಗೆ ಉತ್ತರ ಬರೆಯುವ ಮೊದಲು ಲಾರಿ ರಸೀದಿ, ತೂಕದ ಚೀಟಿ, ಗೇಟಿನ ಪುಸ್ತಕ ಹುಡುಕಿ. ಸಿಕ್ಕರೆ ಹೋರಾಡಿ. ಸಿಗದಿದ್ದರೆ, ನೋಟಿಸು 74ರದ್ದಾಗಿದ್ದಲ್ಲಿ 30 ದಿನದೊಳಗೆ ತೆರಿಗೆ ಮತ್ತು ಬಡ್ಡಿಯ ಜೊತೆ ತೆರಿಗೆಯ ಶೇ. 25 ದಂಡವನ್ನು ಕಟ್ಟಿ ಮುಗಿಸಿಬಿಡಿ. ನಾನು ಆ ಗಡುವನ್ನು ವಾದದಲ್ಲೇ ಕಳೆದೆ.